ಹೊಟ್ಟೆಯುರಿ ಅಲ್ಲ, ಎದೆಯುರಿ

ಹೊಟ್ಟೆ ಉರಿಯುತ್ತಿದೆ ಎಂದು ಹೇಳಲು ನಾನು ಆರಿಸಿಕೊಂಡ ಗಳಿಗೆಯೇ ಸರಿಯಿರಲಿಲ್ಲ. ನಮ್ಮ ಬಸ್ ನಿಲ್ದಾಣದ ಮೇಲ್ವಿಚಾರಕರು ಕೈಗಡಿಯಾರ ನೋಡದೆ ಎರಡು ಮಾತು ಆಡಲಾರರು. ಅದಕ್ಕೇ ನಾವೆಲ್ಲ ಬೆನ್ನ ಹಿಂದೆ ಅವರನ್ನು ವಾಚ್ ಸಾಹೇಬರು ಎನ್ನುತ್ತಿದ್ದೆವು. ಅವರು ಅಂದು ಬಸ್ಸುಗಳನ್ನು ಕೂಗಿ ಹೇಳುವ ಬೆಳಗಿನ ಪಾಳಿಯ ಮೈಕನ್ನು ನನ್ನಿಂದ ಕಿತ್ತು ನನ್ನ ಒಡಹುಟ್ಟಿದ ತಂಗಿಗೇ ಕೊಟ್ಟಿದ್ದರು. ವಿಶ್ರಾಂತಿ ಕೋಣೆಯಲ್ಲಿ ಆಗಷ್ಟೇ ಊಟ ಮುಗಿದಿತ್ತು, ಎಲ್ಲರೂ ಅವಳ ಕೈ ಕುಲುಕುತ್ತಿದ್ದರು. ನಾನು ಎದೆ ನೀವಿಕೊಳ್ಳುತ್ತಾ, “ಯಾಕೋ ಹೊಟ್ಟೆ ಉರೀತಿದೆ ಕಣೆ” ಎಂದೆ.

ಇಡೀ ಕೋಣೆ ನಕ್ಕಿತು. “ಒಪ್ಕೊಂಡ್ಯಲ್ಲ, ದೊಡ್ಡ ಮನಸ್ಸು ನಿಂದು” ಎಂದಳು ಟಿಕೆಟ್ ಕೌಂಟರಿನವಳು. ತಂಗಿಯೂ ನಕ್ಕಳು. ನನ್ನನ್ನು ಚುಚ್ಚಿದ್ದು ಅದೇ.

ಕಾಲು ನೋವು ಎಂದರೆ ಜನ ಮುಲಾಮು ಕೊಡುತ್ತಾರೆ, ಹಲ್ಲು ನೋವು ಎಂದರೆ ಲವಂಗ ಕೊಡುತ್ತಾರೆ. ಹೊಟ್ಟೆ ಉರಿ ಎಂದರೆ ಮಾತ್ರ ಬುದ್ಧಿ ಹೇಳುತ್ತಾರೆ. ಇನ್ನು ಸತ್ತರೂ ಬಾಯಿ ಬಿಡುವುದಿಲ್ಲ ಎಂದು ಹಟ ಹಿಡಿದೆ.

ಊಟವಾದ ಸ್ವಲ್ಪ ಹೊತ್ತಿಗೆ ಎದೆಯ ನಡುವೆ ಕೆಂಡ ಇಟ್ಟ ಹಾಗಾಗುತ್ತಿತ್ತು. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರೆ ಬಾಯಿಗೆ ಹುಳಿ ನೀರು ಬರುತ್ತಿತ್ತು. ಮಲಗಿದರೆ ಒಣ ಕೆಮ್ಮು, ಎದ್ದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಭಾವ. ಯಾರಿಗೂ ಹೇಳಲಿಲ್ಲ. ದನಿ ತಿಳಿಯಾಗಲೆಂದು ಒಂದರ ಹಿಂದೆ ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡೆ, ಗಟ್ಟಿ ಟೀ ಕುಡಿದೆ. ಎರಡು ಬಸ್ಸುಗಳ ನಡುವೆ ಗಬಗಬನೆ ಉಂಡು, ವಿಶ್ರಾಂತಿ ಕೋಣೆಯ ಬೆಂಚಿನ ಮೇಲೆ ಅಂಗಾತ ಮಲಗಿದೆ. ಬೆಂಕಿಗೆ ತುಪ್ಪ ಸುರಿಯುತ್ತಿದ್ದವಳು ನಾನೇ ಎಂಬುದು ಆಗ ಗೊತ್ತಿರಲಿಲ್ಲ.

ನನಗುಳಿದಿದ್ದ ಮಧ್ಯಾಹ್ನದ ಪಾಳಿಯಲ್ಲಿ ಒಂದು ದಿನ ಬಂದರಿನ ಬಸ್ಸನ್ನು ಕೂಗುವಾಗ ದನಿ ಅರ್ಧಕ್ಕೇ ಒಡೆದು ನಿಂತಿತು. ವಾಚ್ ಸಾಹೇಬರು ಬಾಗಿಲಲ್ಲೇ ಇದ್ದರು.

“ದನಿ ಬಿದ್ದುಹೋಯ್ತು ಮೇಡಂ ನಿಮ್ದು. ಮಳೆಗಾಲ ಮುಗಿದ್ಮೇಲೆ ಲಗೇಜ್ ರೂಮಿಗೆ ಹೋಗಿ. ಅಲ್ಲಿ ಮಾತಾಡೋ ಕೆಲಸ ಇಲ್ಲ.”

“ಬಿದ್ದಿರೋದು ನನ್ನ ದನಿ ತಾನೇ ಸಾರ್, ನಾನೇ ಎತ್ಕೋತೀನಿ” ಎಂದೆ. ಮೈಮೇಲೆ ಬಂದಷ್ಟು ಸಿಟ್ಟು ಬಂದಿತ್ತು. ಅರ್ಧ ಆಯಸ್ಸನ್ನು ಆ ಮೈಕಿನ ಮುಂದೆ ಕಳೆದವಳಿಗೆ ಮೂಟೆಗಳ ನಡುವೆ ಮೂಗಿಯಾಗಿ ಕೂರು ಎನ್ನುವುದೆಂದರೆ!

ಸಂಜೆಯೇ ಡಾಕ್ಟರ ಹತ್ತಿರ ಹೋದೆ. ಕೂರುವ ಮೊದಲೇ, “ನಂಗೆ ಯಾರ ಮೇಲೂ ಹೊಟ್ಟೆಯುರಿ ಇಲ್ಲ ಡಾಕ್ಟ್ರೇ, ಮೊದಲೇ ಹೇಳಿಬಿಡ್ತೀನಿ” ಎಂದೆ.

ಆಕೆ ಪೆನ್ನು ಕೆಳಗಿಟ್ಟರು. “ನಾನು ಅದನ್ನ ಕೇಳಲೇ ಇಲ್ವಲ್ಲಮ್ಮ. ಉರಿ ಎಲ್ಲಿ, ಬೆರಳಿಟ್ಟು ತೋರಿಸಿ.”

ಎದೆಯ ಮೂಳೆಯ ಮೇಲೆ ಬೆರಳಿಟ್ಟೆ.

“ಹೊಟ್ಟೆ ಕೆಳಗಿದೆ. ಇದು ಎದೆಯುರಿ.”

ನೋವು ತೋಳಿಗೋ ದವಡೆಗೋ ಹರಿಯುತ್ತದೆಯೇ, ಮೆಟ್ಟಿಲು ಹತ್ತಿದರೆ ಬೆವರುತ್ತದೆಯೇ, ಅನ್ನ ನುಂಗಲು ಕಷ್ಟವೇ, ತೂಕ ಇಳಿದಿದೆಯೇ ಎಂದು ಕೆದಕಿ ಕೆದಕಿ ಕೇಳಿದರು. ಇಸಿಜಿ ತೆಗೆಸಿ ಹೃದಯ ಚೆನ್ನಾಗಿದೆ ಎಂದು ಖಾತ್ರಿ ಮಾಡಿಕೊಂಡರು, ಗಂಟಲನ್ನೂ ನೋಡಿದರು. “ಆಸಿಡ್ ರಿಫ್ಲಕ್ಸ್. ಹೊಟ್ಟೆಯ ಆಸಿಡ್ ಮೇಲಕ್ಕೆ ನುಗ್ಗಿ ಗಂಟಲಿಗೂ ತಾಗಿದೆ. ಹುಳಿ ನೀರು, ಕೆಮ್ಮು, ದನಿ ಒಡೆಯೋದು, ಎಲ್ಲಾ ಒಂದೇ ಮನೆಯ ಮಕ್ಕಳು.” ಮಾತ್ರೆ ಬರೆದರು. ನಿಧಾನವಾಗಿ ಉಣ್ಣಿ, ಉಂಡು ಎರಡು ಮೂರು ಗಂಟೆ ಮಲಗಬೇಡಿ, ಮಂಚದ ತಲೆಯ ಕಡೆ ಎತ್ತರಿಸಿ, ಟೀ ಕಡಿಮೆ ಮಾಡಿ ಎಂದರು.

“ಪೆಪ್ಪರ್‌ಮಿಂಟು?”

“ಅದನ್ನೇ ಮೊದಲು ಬಿಡಿ.”

ಹೊರಗೆ ಬಂದಾಗ ಹಗುರವೆನಿಸಿತು. ನನ್ನ ಕಾಯಿಲೆಗೆ ಒಂದು ಹೆಸರಿತ್ತು, ಆ ಹೆಸರು ನನ್ನ ತಂಗಿಯದಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ದನಿ ಬಹುಮಟ್ಟಿಗೆ ಮರಳಿತ್ತು. ಆದರೆ ಲಗೇಜ್ ರೂಮಿನ ಆದೇಶ ಹಾಗೇ ಇತ್ತು. ಒಂದು ದಿನ ಸ್ಪೀಕರಿನಲ್ಲಿ ತಂಗಿಯ ದನಿ ಕಿವಿಗೆ ಬಿತ್ತು. ಪ್ರತಿ ಬಸ್ಸಿಗೂ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ವಿಶ್ರಾಂತಿ ಕೋಣೆಗೆ ಹೋದರೆ ಉಂಡ ಕೈ ತೊಳೆದು ಅದೇ ಬೆಂಚಿನ ಮೇಲೆ ಮಲಗಿ ಕೆಮ್ಮುತ್ತಿದ್ದಳು.

“ಬಾಯಿಗೆ ಹುಳಿ ನೀರು ಬರುತ್ತೇನೇ?”

“ಇಲ್ಲ” ಎಂದು ಗೋಡೆಯ ಕಡೆ ತಿರುಗಿದಳು.

“ಬಗ್ಗಿದಾಗ?”

ಎದೆ ನೀವಿಕೊಳ್ಳುತ್ತಾ ಇತ್ತ ತಿರುಗಿದಳು. “ಬರುತ್ತೆ ಅಕ್ಕಾ. ನಿನ್ನ ಮೈಕ್ ಕಿತ್ಕೊಂಡ ಹಾಗೆ ನಂದೂ ಕಿತ್ಕೋತಾರೆ ಅಂತ ಹೇಳ್ಲಿಲ್ಲ.”

ನಾನು ತುಟಿ ಹೊಲಿದುಕೊಂಡು ಕೂತರೆ ಮೈಕು ತಾನಾಗಿ ನನ್ನ ಕೈಗೆ ಬರುತ್ತಿತ್ತು. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವಳು ನನ್ನಂತೆಯೇ ಎದೆ ನೀವಿಕೊಳ್ಳುವುದನ್ನು ಕಂಡು ಕರುಳು ಚುರುಕ್ಕೆಂದಿತು. ಕೂತು ಉಣ್ಣಲು ಬಿಡುವು ಕೊಡದ ಕೆಲಸ ಇಬ್ಬರ ಗಂಟಲನ್ನೂ ತಿನ್ನುತ್ತಿತ್ತು, ಊರೆಲ್ಲ ಅದಕ್ಕೆ ಅಕ್ಕತಂಗಿಯರ ಮತ್ಸರ ಎಂದು ಹೆಸರಿಟ್ಟಿತ್ತು.

“ಏಳು. ಸಂಜೆ ಡಾಕ್ಟ್ರ ಹತ್ರ ಹೋಗೋಣ. ನಾಳೆಯಿಂದ ಊಟ ನನ್ನ ಜೊತೆ.”

ಮರುದಿನ ಮಧ್ಯಾಹ್ನ ಇಬ್ಬರೂ ಡಬ್ಬಿ ಹಿಡಿದು ಹೊರಗಿನ ಕಲ್ಲುಬೆಂಚಿನ ಮೇಲೆ ನೆಟ್ಟಗೆ ಕೂತೆವು. ವಾಚ್ ಸಾಹೇಬರು ಓಡಿ ಬಂದರು.

“ಮೈಕ್ ಹತ್ರ ಯಾರಿದ್ದಾರೆ?”

“ಯಾರೂ ಇಲ್ಲ ಸಾರ್. ಊಟದ ಹೊತ್ತು.”

“ಇಬ್ರೂ ಒಟ್ಟಿಗೇನಾ?”

“ಒಬ್ಬೊಬ್ರಾಗಿ ಕೂತಾಗ ನೀವು ಉಣ್ಣೋಕೆ ಬಿಡ್ಲಿಲ್ವಲ್ಲ.”

“ಮೇಲಿನವರಿಗೆ ಬರೀತೀನಿ.”

“ಬರೀರಿ. ಎದೆಯುರಿ ಅಂತ ಬರೀರಿ, ಹೊಟ್ಟೆಯುರಿ ಅಂತ ಬರೀಬೇಡಿ.”

ಅವರೇ ಹೋಗಿ ಮೈಕ್ ಹಿಡಿದರು. ಗಡಿಯ ಬಸ್ಸನ್ನು ಬಂದರಿನ ಬಸ್ಸಿನ ಜಾಗಕ್ಕೆ ಕರೆದರು, ತಿದ್ದಲು ಹೋಗಿ ಎರಡೂ ಆಸ್ಪತ್ರೆಗೆ ಹೋಗುತ್ತವೆ ಎಂದು ಕೂಗಿದರು. ಜನ ಗಂಟುಮೂಟೆ ಹೊತ್ತು ಅತ್ತಿಂದಿತ್ತ ಓಡಿದರು, ಒಬ್ಬ ಮುದುಕಿಯಂತೂ ಸ್ಪೀಕರಿನ ಕಡೆ ಕೈಯೆತ್ತಿ ಬೈಯುತ್ತಿದ್ದಳು. ತಂಗಿಗೆ ನಗು ತಡೆಯಲಾಗಲಿಲ್ಲ.

“ಅಗಿದು ನುಂಗು, ಆಮೇಲೆ ನಗು” ಎಂದೆ.

ಸಾಹೇಬರು ಬೆವರೊರೆಸಿಕೊಳ್ಳುತ್ತಾ ಬಂದರು. “ಸರಿ. ದಿನಾ ಅರ್ಧ ಗಂಟೆ, ಸರದಿ ಮೇಲೆ ಊಟಕ್ಕೆ ಹೋಗಿ. ಈಗ ಯಾರಾದ್ರೂ ಒಬ್ರು ಬನ್ನಿ.”

“ಲಗೇಜ್ ರೂಮು?”

ಕೈಗಡಿಯಾರ ನೋಡಿದರು. “ಅದು ಬೇಡ ಬಿಡಿ.”

ತಂಗಿ ನನ್ನ ಖಾಲಿ ಡಬ್ಬಿಯನ್ನು ತೆಗೆದುಕೊಂಡಳು. “ನಂದಿನ್ನೂ ಮುಗಿದಿಲ್ಲ ಅಕ್ಕಾ. ನೀನು ಹೋಗು.”

ನಾನು ಹೋಗಿ ಕೂತು ಗುಂಡಿ ಒತ್ತಿದೆ. ದನಿ ಮೊದಲಿಗಿಂತ ದಪ್ಪವಾಗಿತ್ತು, ತುದಿಯಲ್ಲಿ ಸ್ವಲ್ಪ ಒಡಕೂ ಇತ್ತು. ಇದ್ದರೆ ಇರಲಿ ಎಂದುಕೊಂಡು, ಯಾವ ಬಸ್ಸು ಎಲ್ಲಿ ನಿಂತಿದೆ ಎಂಬುದನ್ನು ಒಂದೊಂದಾಗಿ ಬಿಡಿಸಿ ಹೇಳಿದೆ. ಗಾಜಿನಾಚೆ ಓಡುತ್ತಿದ್ದ ಜನ ನಿಂತು ಕೇಳಿದರು, ಮೂಟೆಗಳನ್ನೆತ್ತಿಕೊಂಡು ತಮ್ಮ ತಮ್ಮ ಬಸ್ಸಿನ ಕಡೆ ಹೊರಟರು.