ಗೀಟಿನ ಪಕ್ಕದ ದುಂಡು

ಸೊನ್ನೆ ಎಂದರೆ ದುಂಡಗೇ ಇರಬೇಕು ಎಂದು ಯಾರು ಹೇಳಿದ್ದರು, ಯಾರೂ ಹೇಳಿರಲಿಲ್ಲ, ಯಾರೂ ಹೇಳದೆಯೇ ಅವನಿಗೆ ಗೊತ್ತಿತ್ತು, ಗೊತ್ತಿದೆ ಎಂಬುದೇ ಮೋಸ — ಗುರುಲಿಂಗಯ್ಯನ ಎಡಗೈ ತೆರೆದ ರಿಜಿಸ್ಟರಿನ ಮೇಲಿತ್ತು, ಅಂಗೈ ಕೆಳಗೆ ಐದು ವರ್ಷದ ಹಳೆಯ ಚೀಟಿ, ಮೇಜಿನ ಆಚೆ ಖಂಡೆಪ್ಪ, ಕುಂದ್ರು ಎಂದರೂ ಕೂರದೆ ನಿಂತಿದ್ದಾನೆ, ರುಮಾಲು ಕಂಕುಳಲ್ಲಿ, ಮೇಜಿನ ಮೂಲೆಯಲ್ಲಿ ಅವನು ತಂದಿಟ್ಟ ಸೀತಾಫಲದ ಗಂಟು, ಅದರ ವಾಸನೆ ಆಗಲೇ ಕೋಣೆ ತುಂಬಿದೆ. ಶರಣ್ರಿ ಅಯ್ನೋರ ಎಂದು ಬಾಗಿ ಕಾಲು ಮುಟ್ಟಲು ಬಂದಿದ್ದ, ಜಂಗಮನ ಪಾದ, ಹಿಂದಕ್ಕೆಳೆದುಕೊಂಡಾಗ ಕುರ್ಚಿ ಕಿರ್ರೆಂದಿತು. ಏನು ಬಂದಿ ಖಂಡೆಪ್ಪ, ಐದು ವರ್ಷ ಆಯ್ತಲ್ಲ. ಹೂನ್ರಿ, ಒಂದ ಮಾತ ಕೇಳಾಕ ಬಂದೀನ್ರಿ, ನಮ್ಮೂರಾಗ ಕೇಳೋ ಹಂಗಿಲ್ಲ, ಓದಿದವ್ರ ನೀವೊಬ್ರೇ, ಮೊನ್ನೆ ಶಹಾಬಾದ ದವಾಖಾನಿಗಿ ಹೋಗಿದ್ದೆ, ಡಾಕ್ಟರು ಗ್ವಾಡಿಗಿ ಕಾಗದ ಹಚ್ಚಿ ಅಂಕಿ ಓದಸಿದ್ರು, ತಳಗಿನ ಸಣ್ಣ ಸಾಲು ತನಕ ಓದೀನ್ರಿ, ಹದ್ದಿನ ಕಣ್ಣದಾವಲ್ಲೋ ಮುದುಕಾ, ಯಾಕ ಬಂದೀ ಅಂತ ನಕ್ಕರು, ನಾನೂ ನಕ್ಕೆ, ಹೊರಗ ಬಂದ ಮ್ಯಾಲ ನಗು ಬರಲಿಲ್ರಿ, ಕಣ್ಣು ಚಲೋ ಇದ್ರ ಅವತ್ತ ಹ್ಯಾಂಗ ತಪ್ಪಿತ್ರಿ ಅಯ್ನೋರ? — ಹ್ಯಾಂಗ ತಪ್ಪಿತು, ಅಂಗೈ ಎತ್ತಿದರೆ ಸಾಕು, ಬರೆದವನೇ ಎದುರಿಗೆ ನಿಂತಿದ್ದಾನೆ, ತನ್ನ ಕೈಬರಹ ತಾನೇ ಓದಿಕೊಳ್ಳುತ್ತಾನೆ, ಒಂದು ಗೀಟು, ಅದರ ಪಕ್ಕ ಒಂದು ದುಂಡು.

ಅಂಗೈ ಬೆವರುತ್ತಿದೆ, ಚೀಟಿ ಅಂಟಿಕೊಳ್ಳುತ್ತಿದೆ, ಅವತ್ತೂ ಅದು ಹೀಗೆಯೇ ಒದ್ದೆಯಾಗಿ ಬಂದಿತ್ತು, ಚಿಂಚೋಳಿ ಬಸ್ಸಿನ ಡ್ರೈವರು ಅಂಗಿಯ ಒಳಗಿಂದ ತೆಗೆದು ಕೊಟ್ಟಿದ್ದ. ಕಾಗಿಣಾ ಹೊಳೆ ಅಳತೆಯ ಈ ಕಚೇರಿಗೆ ಗುರುಲಿಂಗಯ್ಯ ಬಂದು ಆಗ ವರ್ಷವೂ ಆಗಿರಲಿಲ್ಲ, ಸೋದರಮಾವನ ಮನೆಯಲ್ಲಿ ಸೊಲ್ಲಾಪುರದಲ್ಲಿ ಬೆಳೆದವನು, ನಿಜಾಮನ ಸಾಲ್ಯಾಗ ನನ್ನ ಮಗ ಉರ್ದು ಕಲೀಬಾರದು ಎಂದು ಅಪ್ಪ ಆರನೆಯ ವಯಸ್ಸಿಗೇ ಗಡಿ ದಾಟಿಸಿದ್ದ, ಬಿ.ಎಸ್ಸಿ. ಮುಗಿಸಿ ಬರುವಾಗ ನಿಜಾಮನ ಆಳ್ವಿಕೆ ಹೋಗಿತ್ತು, ಸೇಡಂ ಟೇಸನ್ನಿನಲ್ಲಿ ಇಳಿದಾಗ ಎಲ್ಲ ಹೊಸದಾಗಿ ಶುರುವಾಗುತ್ತದೆ ಅನ್ನಿಸಿತ್ತು. ಕೆಲಸ ಏನೂ ಗೂಢವಲ್ಲ, ಮೇಲೆ ಚಿಂಚೋಳಿ ಕಡೆ ನೀರಿನಲ್ಲಿ ಅಡಿ ಅಡಿಗೆ ಗುರುತು ಹಾಕಿದ ಕಲ್ಲಿನ ಕಂಬವಿದೆ, ಖಂಡೆಪ್ಪ ಬೆಳಗಾಗುತ್ತಲೇ ಅದನ್ನು ನೋಡಿ ಎಷ್ಟು ಅಡಿ ನೀರಿದೆ ಎಂದು ಚೀಟಿ ಬರೆದು ಬಸ್ಸಿಗೆ ಕೊಡುತ್ತಾನೆ, ನೀರು ಸೇಡಂ ಮುಟ್ಟುವುದರೊಳಗೆ ಚೀಟಿ ಮುಟ್ಟುತ್ತದೆ, ಅಲ್ಲಿ ಹನ್ನೆರಡು ದಾಟಿದರೆ ಇಲ್ಲಿ ಕಡವಿನ ಬೇವಿನ ಮರಕ್ಕೆ ಕೆಂಪು ಬಟ್ಟೆ, ಜನರನ್ನು ದಾಟಿಸುವ ಪುಟ್ಟಿ, ಬುಟ್ಟಿಯಂಥ ದುಂಡು ಹರಿಗೋಲು, ನೀರಿಗೆ ಇಳಿಯುವಂತಿಲ್ಲ. ಖಂಡೆಪ್ಪನಿಗೆ ಅಕ್ಷರ ಬಾರದು, ಅಂಕಿ ಮಾತ್ರ ಬರುತ್ತಿತ್ತು, ಅದೂ ಹಳೆಯ ಸರಕಾರದವರು ಕಲಿಸಿದ ಉರ್ದು ಅಂಕಿ, ಅದನ್ನು ಮುನ್ಷಿ ಬಷೀರಾ ನೋಡಿ ಇಂಗ್ಲಿಷ್ ಅಂಕಿಯಲ್ಲಿ ರಿಜಿಸ್ಟರಿಗೆ ಏರಿಸುತ್ತಿದ್ದ, ಆಷಾಢದಲ್ಲಿ ಬಷೀರಾನಿಗೆ ವರ್ಗವಾಯಿತು, ಹೋಗುವ ದಿನ ಪೆಟ್ಟಿಗೆ ಕಟ್ಟುತ್ತಲೇ ಹೇಳಿದ್ದ, ಸಾಹೇಬ್ರ, ಖಂಡೆಪ್ಪನ ಅಂಕಿ ಕಲ್ತ ಇಟ್ಕೋರಿ, ಹತ್ತ ಅಂಕಿ, ಹತ್ತ ನಿಮಿಷದ ಕೆಲಸ, ನಾನೇ ಕಲಸ್ತೀನಿ ಕುಂದ್ರಿ. ಆ ಲಿಪಿ ಕಾಲ ಮುಗೀತ್ರಿ ಮುನ್ಷೀಜಿ. ಗುರುಲಿಂಗಯ್ಯ ಹಾಗೆಂದಿದ್ದ, ನಗುತ್ತಲೇ ಅಂದಿದ್ದ, ಅಪ್ಪನ ದನಿಯಲ್ಲಿ, ಅಪ್ಪ ಕೇಳಿದ್ದರೆ ಸಂತೋಷಪಡುತ್ತಿದ್ದ — ಬಷೀರಾ ಹಗ್ಗದ ಗಂಟನ್ನು ಇನ್ನೊಂದು ಸಲ ಬಿಗಿದ, ಹೊಳಿಗಿ ಯಾವ ಲಿಪಿನೂ ಬರಲ್ರಿ ಎಂದ ಕೊನೆಗೆ, ಅಷ್ಟೇ. ಆಮೇಲೆ ಹದಿನೈದು ದಿನ ಬಂದ ಚೀಟಿಗಳಲ್ಲಿ ಒಂದು, ಎರಡು, ಮೂರು, ಅವು ನೋಡಿದರೇ ತಿಳಿಯುತ್ತಿದ್ದವು, ಇಷ್ಟೇನಾ ಅನ್ನಿಸಿತ್ತು, ಹತ್ತು ನಿಮಿಷವೂ ಬೇಕಾಗಲಿಲ್ಲ ಅನ್ನಿಸಿತ್ತು.

ಮತ್ತೆ ಆ ಬೆಳಗು, ಶ್ರಾವಣ, ರಾತ್ರಿಯಿಡೀ ಸುರಿದ ಮಳೆ ನಿಂತು ಬಿಸಿಲು ಬಿದ್ದಿತ್ತು, ಬೇವಿನ ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಪುಟ್ಟಿ ನಡೆಸುವ ನರಸಪ್ಪ ಬಾಗಿಲಲ್ಲಿ, ಜಲ್ಲೆ ಹೆಗಲ ಮೇಲೆ, ಬೀಡಿ ಕಿವಿಯಲ್ಲಿ, ಏನಂತಾಳ್ರಿ ಅಯ್ನೋರ ನಮ್ಮ ಕಾಗಿಣಾ, ನನ್ನ ಹೇಣ್ತಿಗಿಂತ ಶಾಂತ ಅದಾಳೇನ್ರಿ, ದಿನವೂ ಇದೇ ಮಾತು, ದಿನವೂ ಗುರುಲಿಂಗಯ್ಯ ನಗುತ್ತಿದ್ದ. ಅವನ ಹಿಂದೆ ಮೊಸರಿನ ಗಡಿಗೆ ಹೊತ್ತ ನೀಲಾಬಾಯಿ, ಏ ನರಸ್ಯಾ, ನಿನ್ನ ಹೇಣ್ತಿ ಸುದ್ದಿ ಸಾಕು, ಆಚಿ ದಂಡಿ ಮಂದಿ ಮೊಸರಿಲ್ದ ಬಾಯಿ ಬಡಕೊಳಾಕತ್ತಾರ, ಬಿಡೋದದನೋ ಇಲ್ಲೋ. ಚೀಟಿ ಬಿಡಿಸಿದ, ಒಂದು ಗೀಟು, ಒಂದು ದುಂಡು, ಹತ್ತು ಎಂದ, ಹತ್ತೇ ಅದ, ಹೋಗು ನರಸಪ್ಪ. ನೋಡ್ರೀ, ಕಾಗದ ನೋಡಿ ಹೊಳಿ ಮನಸ್ಸು ಹೇಳ್ತಾರ, ನಮ್ಮನಿ ಮಂದಿ ಮನಸ್ಸೂ ಒಮ್ಮಿ ಹೇಳ್ರಲಾ ಅಯ್ನೋರ — ಅವನು ಮೆಟ್ಟಿಲು ಇಳಿದು ಹೋದ, ಮರಕ್ಕೆ ಬಟ್ಟೆ ಕಟ್ಟಲಿಲ್ಲ, ಕೆಂಪು ಬಟ್ಟೆ ಮಡಚಿ ಮೇಜಿನ ಇದೇ ಖಾನೆಯಲ್ಲಿತ್ತು, ಈಗಲೂ ಇದೆ. ಮಧ್ಯಾಹ್ನದ ಹೊತ್ತಿಗೆ ಕೂಗು ಕೇಳಿತು, ಕೂಗಲ್ಲ, ಮೊದಲು ನೀರಿನ ಸದ್ದು, ದೊಡ್ಡ ಬಂಡಿಗಳು ಒಟ್ಟಿಗೆ ಬಂದ ಹಾಗೆ, ಆಮೇಲೆ ಕೂಗು. ಪುಟ್ಟಿಯಲ್ಲಿ ಏಳು ಜನ, ಮೂವರು ಈಜಿ ದಡ ಸೇರಿದರು, ಅವರಲ್ಲಿ ನರಸಪ್ಪ ಇರಲಿಲ್ಲ, ನೀಲಾಬಾಯಿ ಇರಲಿಲ್ಲ. ಮರುದಿನ ಹೊಳೆ ಇಳಿದ ಮೇಲೆ ಜನರ ಜೊತೆ ಕೆಳಗೆ ಎರಡು ಮೈಲಿ ನಡೆದು ಹೋದ, ದಂಡೆಯ ಮೇಲಿಂದ ಕಂಡಿತು, ಕೆಸರಿನಲ್ಲಿ ನೆಟ್ಟಗೆ ನಿಂತ ನರಸಪ್ಪನ ಜಲ್ಲೆ, ಅದರ ಪಕ್ಕ ಬೋರಲು ಬಿದ್ದ ಪುಟ್ಟಿ, ಒಂದು ಗೀಟು, ಒಂದು ದುಂಡು, ಆಗ ಹಾಗೆಂದು ಹೊಳೆದಿರಲಿಲ್ಲ, ಬರೀ ಜಲ್ಲೆ, ಬರೀ ಪುಟ್ಟಿ.

ವಿಚಾರಣೆಗೆ ಹೈದರಾಬಾದಿನಿಂದ ಬಂದ ಅಧಿಕಾರಿಗೆ ಸಂಜೆಯೊಳಗೆ ವಾಡಿಯಲ್ಲಿ ಗಾಡಿ ಹಿಡಿಯಬೇಕಿತ್ತು, ರಿಜಿಸ್ಟರು ನೋಡಿದರು, ಹತ್ತು ಎಂದಿತ್ತು, ಚೀಟಿ ಕೇಳಲಿಲ್ಲ, ಕೇಳಿದ್ದರೆ, ಅವರಿಗೆ ಉರ್ದು ಬರುತ್ತಿತ್ತು, ಕೇಳಲಿಲ್ಲ. ಖಂಡೆಪ್ಪನನ್ನು ಕರೆಸಿ ಕೇಳಿದರು, ಎಷ್ಟು ಬರದಿದ್ದಿ? ಹದಿನೈದ್ರಿ ಸಾಹೇಬ್ರ. ರಿಜಿಸ್ಟರದಾಗ ಹತ್ತ ಅದಲ್ಲ. ಖಂಡೆಪ್ಪ ಗುರುಲಿಂಗಯ್ಯನ ಕಡೆ ತಿರುಗಿದ, ಗುರುಲಿಂಗಯ್ಯ ಚೀಟಿಯಲ್ಲಿ ಹತ್ತೇ ಇತ್ತು ಎಂದ, ಸುಳ್ಳಲ್ಲ, ಆ ದಿನ ಅದು ಸುಳ್ಳಾಗಿರಲಿಲ್ಲ, ನಂಬಿ ಹೇಳಿದ್ದ. ಖಂಡೆಪ್ಪ ತನ್ನ ಬೆರಳುಗಳನ್ನೇ ನೋಡಿಕೊಂಡ, ಅಯ್ನೋರು ಓದ್ಯಾರಂದ್ರ ಹಂಗೇ ಇರಬೇಕ್ರಿ, ನನ್ನ ಕಣ್ಣೇ ತಪ್ಪ್ಯಾವ. ಅವನ ಕೆಲಸ ಹೋಯಿತು. ಗುರುಲಿಂಗಯ್ಯ ಅಧಿಕಾರಿಯನ್ನು ವಾಡಿಯ ತನಕ ಹೋಗಿ ಕಳಿಸಿ, ರಾತ್ರಿ ಅಲ್ಲೇ ಉಳಿದು, ಮರುದಿನ ಚಿತ್ತಾಪುರದ ಮೇಲೆ ಬಸ್ಸಿನಲ್ಲಿ ಬರುವಾಗ, ದಾರಿಯಲ್ಲಿ ಎತ್ತುಗಳು ಅಡ್ಡ ಬಂದು ಬಸ್ಸು ನಿಂತಿತು, ನಿಂತದ್ದು ಒಂದು ಮೈಲಿಗಲ್ಲಿನ ಎದುರು, ಸೇಡಂ, ಮೇಲೆ ಇಂಗ್ಲಿಷಿನಲ್ಲಿ ಹದಿನೈದು, ಕೆಳಗೆ ಉರ್ದುವಿನಲ್ಲಿ ಒಂದು ಗೀಟು, ಒಂದು ದುಂಡು. ಬಣ್ಣ ಬಳಿದವನು ತಪ್ಪಿರಬೇಕು ಅಂದುಕೊಂಡ, ಹದಿನಾಲ್ಕರ ಕಲ್ಲು, ಹದಿಮೂರರ ಕಲ್ಲು, ಕಿಟಕಿಯ ಸರಳು ಹಿಡಿದು ಕೂತಿದ್ದ, ದೇವರೇ ಹತ್ತರ ಕಲ್ಲಿನಲ್ಲೂ ದುಂಡೇ ಇರಲಿ, ಹನ್ನೆರಡು, ಹನ್ನೊಂದು, ಪಕ್ಕದವನು ವಾಂತಿ ಬರ್ತದೇನ್ರಿ ಎಂದು ಕೇಳಿದ, ಹತ್ತು ಬಂತು, ಒಂದು ಗೀಟು, ಅದರ ಪಕ್ಕ ಒಂದು ಚುಕ್ಕೆ. ಅವರ ಸೊನ್ನೆ ಚುಕ್ಕೆ. ದುಂಡು ಎಂದರೆ ಐದು. ಐದು ಮೈಲಿಯಲ್ಲಿ ಕಲಿತಿದ್ದ, ಹತ್ತು ನಿಮಿಷದ ಕೆಲಸ ಎಂದಿದ್ದ ಬಷೀರಾ. ನಾಳೆ ಬರೆಯುತ್ತೇನೆ ಅಂದುಕೊಂಡ, ಅಧಿಕಾರಿಗೆ, ಖಂಡೆಪ್ಪನಿಗೆ, ನಾಳೆ — ನಾಳೆ ನರಸಪ್ಪನ ಹೆಂಡತಿ ಕಡವಿನಲ್ಲಿ ಕೂತಿದ್ದಳು, ಅವಳನ್ನು ದಾಟಿ ಟಪಾಲು ಕಚೇರಿಗೆ ಹೋಗಬೇಕಿತ್ತು, ಹೋಗಲಿಲ್ಲ.

ಐದು ವರ್ಷ, ಇನ್ನು ಹದಿನೈದು ದಿನಕ್ಕೆ ಹೈದರಾಬಾದ್ ರಾಜ್ಯವೇ ಇರುವುದಿಲ್ಲ, ಸೇಡಂ ಮೈಸೂರಿಗೆ ಸೇರುತ್ತದೆ, ಅದಕ್ಕೇ ಮೇಲಿನಿಂದ ಕಾಗದ ಬಂದಿದೆ, ಕೃಷ್ಣೆಯ ಕಣಿವೆಯ ಎಲ್ಲ ನದಿಗಳ ನೆರೆಯ ಲೆಕ್ಕ ಒಟ್ಟು ಮಾಡುತ್ತಾರಂತೆ, ಭೀಮೆ, ಕಾಗಿಣಾ, ಎಲ್ಲ, ಇಲ್ಲಿ ಇಷ್ಟಾದರೆ ಅಲ್ಲಿ ಎಷ್ಟು ಎಂದು ಮೊದಲೇ ಹೇಳುವುದಕ್ಕೆ. ಗ್ರಾಫ್ ಕಾಗದದ ಮೇಲೆ ಗುರುತು ಹಾಕಿದ್ದಾನೆ, ಮೇಲಿನ ನೀರು, ಸೇಡಂ ನೀರು, ಎಲ್ಲ ಗುರುತುಗಳೂ ಒಂದೇ ಓರೆ ಗೆರೆಯಲ್ಲಿ ಕೂತಿವೆ, ಒಂದನ್ನು ಬಿಟ್ಟು, ಅದೊಂದು ದೂರ, ಒಂಟಿ. ಹದಿನೈದು ಎಂದರೆ ಅದೂ ಗೆರೆಗೆ ಬಂದು ಕೂರುತ್ತದೆ, ಬೆಳಿಗ್ಗೆಯಿಂದ ಪೆನ್ಸಿಲು ಹಿಡಿದು ಅದನ್ನೇ ನೋಡುತ್ತಿದ್ದ, ಆಗ ಖಂಡೆಪ್ಪ ಬಂದ. ನೀವು ಸುಮ್ನಿದ್ರ ಹ್ಯಾಂಗ್ರಿ ಎನ್ನುತ್ತಿದ್ದಾನೆ, ಅಯ್ನೋರ, ಅವತ್ತಿಂದ ಕೂರಿಗಿ ಹಿಡಿದಿಲ್ರಿ, ನನ್ನ ಕಣ್ಣು ನಂಬಿ ಸಾಲು ಹೊಡದ್ರ ಸೊಟ್ಟ ಆದಾವಂತ, ಯಾರ್ಯಾರನ್ನೋ ಕರದು ಬಿತ್ತಸ್ತೀನಿ, ಈಗ ಬಿಳಿಜ್ವಾಳ ಬಿತ್ತೋ ಹೊತ್ತು, ಡಾಕ್ಟರು ಕಣ್ಣು ಚಲೋ ಅಂತಾರ, ಹಿಡೀಲೋ ಬ್ಯಾಡೋ, ಒಂದ ಮಾತ ನೀವ ಹೇಳ್ರಿ. ಗುರುಲಿಂಗಯ್ಯನ ಅಂಗೈ ಒಂದು ಕೂದಲೆಳೆಯಷ್ಟು ಮೇಲೆದ್ದಿತು, ಚೀಟಿಯ ಅಂಚು ಕಂಡಿತು, ಖಂಡೆಪ್ಪನ ಕಣ್ಣು ಅಲ್ಲಿಗೇ ಹೋಯಿತೇ, ಹದ್ದಿನ ಕಣ್ಣು — ಅಂಗೈ ಮತ್ತೆ ಕೂತಿತು. ಹಿಡಿ ಖಂಡೆಪ್ಪ, ಕೂರಿಗಿ ಹಿಡಿ, ಅವತ್ತ ಮಳಿ ಜೋರಿತ್ತು, ಮಳ್ಯಾಗ ಯಾರ ಕಣ್ಣಿಗಾದ್ರೂ ಹಂಗಾಗ್ತದ. ಖಂಡೆಪ್ಪ ಕಂಕುಳ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡ. ಮಳಿ ನಿಂತಿತ್ತಲ್ರಿ, ಬಿಸಿಲು ಬಿದ್ದಿತ್ತು, ಎಂದ ಮೆಲ್ಲಗೆ, ಆಮೇಲೆ ತಾನೇ, ಇರಬಹುದು ಬಿಡ್ರಿ, ಅದೂ ನನಗ ನೆನಪಿಲ್ಲೇನೋ, ನೀವು ಓದಿದವ್ರು, ಹಣ್ಣು ಮನಿಗಿ ಒಯ್ರಿ, ಗಿಡದಾಗ ಮಾಗಿದ್ದವ.

ಅವನು ಹೊರಟ, ಹೊಸ್ತಿಲಲ್ಲಿ ನಿಂತ, ಮಧ್ಯಾಹ್ನದ ಬಿಸಿಲು, ಮೂರೇ ಮೆಟ್ಟಿಲು, ಬಲಗಾಲು ಚಾಚಿ ಮೊದಲನೆಯ ಮೆಟ್ಟಿಲನ್ನು ಹೆಬ್ಬೆರಳಿಂದ ತಡವಿ ನೋಡಿದ, ಇದೆಯೋ ಇಲ್ಲವೋ ಎಂಬಂತೆ, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು, ಬೇವಿನ ಮರದ ಕೆಳಗೆ ನೆಟ್ಟಗೆ ನಡೆದು ಹೋದ. ಕರೆಯಬಹುದಿತ್ತು, ಇನ್ನೂ ಕರೆಯಬಹುದು, ಮರದ ತನಕ ದನಿ ಕೇಳುತ್ತದೆ, ಮರ ದಾಟಿದ, ಕಡವಿನ ಇಳಿಜಾರು, ಈಗಲೂ ಕೇಳುತ್ತದೆ, ಈಗ ಇಲ್ಲ. ಅಂಗೈ ಎತ್ತಿದ, ಶಾಯಿ ಅಂಗೈಗೆ ಮಸುಕಾಗಿ ಹತ್ತಿತ್ತು. ಹೊಸ ಪಟ್ಟಿಯಲ್ಲಿ ಆ ದಿನದ ಎದುರು ಹದಿನೈದು ಎಂದು ಬರೆದ, ಮೇಲಿನವರು ಕೇಳುವುದಿಲ್ಲ, ಗುರುತು ಗೆರೆಗೆ ಬಂದು ಕೂತಿತು, ಇನ್ನು ಹೊಳೆಯ ಲೆಕ್ಕದಲ್ಲಿ ತಪ್ಪಿಲ್ಲ. ಸೀತಾಫಲದ ವಾಸನೆ, ಖಾನೆಯಲ್ಲಿ ಮಡಚಿದ ಕೆಂಪು ಬಟ್ಟೆ, ಅಂಗೈ ನಡುವೆ ಒಂದು ಗೀಟು, ಒಂದು ದುಂಡು, ತಿರುವುಮುರುವಾಗಿ, ಉಜ್ಜಿದ, ಗೀಟು ಹೋಯಿತು, ದುಂಡು ಉಳಿಯಿತು, ದುಂಡು. ನೀನು ಹದಿನೈದು ಎಂದೇ ಬರೆದಿದ್ದೆ ಖಂಡೆಪ್ಪ, ಓದಲು ಬಾರದವನು ನಾನು ಎಂದು ಗುರುಲಿಂಗಯ್ಯ ಹೇಳಲಿಲ್ಲ.