ಬಟ್ಟೆ ಸುತ್ತಿಟ್ಟ ಲ್ಯಾಪ್‌ಟಾಪ್

ಅಂಚೆಯವನ ಎಡಗಾಲು ಹುಟ್ಟಿನಿಂದಲೇ ಎರಡು ಬೆರಳಷ್ಟು ಗಿಡ್ಡ. ಅವನ ಕಾಲಿಗೆ ಒಪ್ಪುವ ಬೂಟು ಮಾಡಿಕೊಡುತ್ತಿದ್ದವರು ಒಬ್ಬರೇ. ಬೂಟಿನ ಅಂಗಡಿಯ ಆ ಯಜಮಾನರು ತೀರಿಕೊಂಡು ಹತ್ತು ತಿಂಗಳಾಗಿತ್ತು.

"ಅಕ್ಕಾ, ಅಟ್ಟೆ ಬಾಯಿ ಬಿಟ್ಟಿದೆ," ಎನ್ನುತ್ತ ಅವನು ಬೂಟನ್ನು ಮೇಜಿನ ಮೇಲಿಟ್ಟ. "ಮೂರು ದಿನದಿಂದ ಸೊಂಟ ಹಿಡಿದಿದೆ. ಹೀಗೇ ಆದ್ರೆ ನನ್ನ ಚೀಲ ಬೇರೆಯವರ ಹೆಗಲಿಗೆ ಹೋಗುತ್ತೆ."

ಯಜಮಾನರ ಹೆಂಡತಿ ಬೂಟನ್ನು ತಿರುಗಿಸಿ ನೋಡಿದಳು. ಗಂಡ ಕತ್ತರಿಸಿಕೊಟ್ಟ ತೊಗಲನ್ನು ಇಪ್ಪತ್ತೆಂಟು ವರ್ಷ ಹೊಲಿದವಳು ಅವಳು.

"ಪಾದದ ಅಳತೆ ಈಗಲೂ ತಗೋಬಹುದಪ್ಪ. ಅವರು ಹನ್ನೊಂದು ಸಲ ತಿದ್ದಿದ್ರಲ್ಲ, ಅದನ್ನ ಎಲ್ಲಿಂದ ತರಲಿ?"

ಆ ತಿದ್ದುಪಡಿಗಳೆಲ್ಲ ಗಂಡನ ಲ್ಯಾಪ್‌ಟಾಪಿನಲ್ಲಿದ್ದವು. ಒಬ್ಬೊಬ್ಬರ ಪಾದಕ್ಕೂ ಒಂದೊಂದು ನಕ್ಷೆ. ಅವರು ಹೋದ ದಿನ ಅವಳು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ದೇವರ ದೀಪದ ಪಕ್ಕದಲ್ಲಿಟ್ಟಿದ್ದಳು. ಬೆಳಗೂ ಬೈಗೂ ಕೈಮುಗಿಯುತ್ತಿದ್ದಳು. ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಅಂದು ಆ ಬಟ್ಟೆ ಬಿಚ್ಚಿದಳು. ಲ್ಯಾಪ್‌ಟಾಪಿನ ಹೊಟ್ಟೆ ಉಬ್ಬಿ, ಮುಚ್ಚಳ ಓರೆಯಾಗಿತ್ತು.

ಮೈದುನ ಒಳಗಿನಿಂದ ಚಾರ್ಜರು ತಂದ. "ಇದರ ಕಥೆ ಮುಗಿದಿದೆ ಅತ್ತಿಗೆ. ಒಂದು ಸಲ ಚಾರ್ಜಿಗೆ ಹಾಕಿ ನೋಡೋಣ. ಏಳದಿದ್ರೆ ಕಂಪ್ಯೂಟರ್ ಅಂಗಡಿಗೆ ಕೊಟ್ಟು ಹೊಸದು ತರೋಣ. ಹಳೇದಕ್ಕೆ ಅಷ್ಟೋ ಇಷ್ಟೋ ಬೆಲೆ ಇಳಿಸ್ತಾರಂತೆ."

"ಆ ತಂತಿ ಕೆಳಗಿಡಿ!"

ಬಾಗಿಲಲ್ಲಿ ಗ್ರಂಥಾಲಯದ ಮೇಡಂ ನಿಂತಿದ್ದರು. ಯಜಮಾನರಿಗೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯಲು ಕಲಿಸಿದವರು ಅವರೇ. ಬೀದಿಯಲ್ಲಿ ಅಂಚೆಯವನು ಕುಂಟುವುದನ್ನು ಕಂಡು ವಿಚಾರಿಸಲು ಬಂದಿದ್ದರು.

"ಉಬ್ಬಿರೋದು ಬ್ಯಾಟರಿ. ಚಾರ್ಜಿಗೆ ಹಾಕಿದ್ರೆ, ಗಟ್ಟಿಯಾಗಿ ಒತ್ತಿದ್ರೆ ಬೆಂಕಿ ಹತ್ತಬಹುದು."

"ಹಾಗಾದ್ರೆ ಎಸೆಯೋದೇ," ಎಂದ ಮೈದುನ.

"ನಿಮಗೆ ಎಲ್ಲಕ್ಕೂ ಅವಸರ. ಬ್ಯಾಟರಿ ಕೆಟ್ರೆ ನಕ್ಷೆ ಕೆಡಲ್ಲ. ಅವು ಇರೋದು ಡಿಸ್ಕಿನಲ್ಲಿ. ರಿಪೇರಿಯವರ ಹತ್ರ ಬಿಚ್ಚಿಸಿ, ಕಣ್ಣೆದುರಿಗೇ ಎರಡು ನಕಲು ತೆಗೆಸೋಣ. ಒಂದೇ ನಕಲಿದ್ರೆ ಅದು ಇದ್ದೂ ಇಲ್ಲದ ಹಾಗೆ. ಅಲ್ಲೀವರೆಗೂ ಇದನ್ನ ಯಾರಿಗೂ ಕೊಡಬೇಡಿ."

"ಅವರು ಮುಟ್ಟಿದ್ದನ್ನ ಬಿಚ್ಚಿಸಬೇಕಾ ಮೇಡಂ?" ಎಂದಳು ಅವಳು.

ಮೇಡಂ ಮುಚ್ಚಳದ ಮೇಲಿನ ಅಂಟಿನ ಕಲೆ ತೋರಿಸಿದರು. "ಅಮ್ಮಾ, ಅವರು ಇದನ್ನ ದಿನಾ ಅಂಟಿನ ಕೈಯಲ್ಲೇ ಮುಟ್ತಿದ್ರು. ನನ್ನ ಕೈಲಿ ಎಷ್ಟು ಬೈಸಿಕೊಂಡಿದ್ದಾರೆ!"

ಅವಳಿಗೆ ನಗು ಬಂತು. ಹಿಂದೆಯೇ ಅಳುವೂ ಬಂತು. ಕಣ್ಣೊರೆಸಿಕೊಂಡು, ಲ್ಯಾಪ್‌ಟಾಪನ್ನು ತಾನೇ ಎತ್ತಿ ಮೇಡಂ ಕೈಗೆ ಕೊಟ್ಟಳು.

ರಿಪೇರಿಯವನು ಬ್ಯಾಟರಿ ತೆಗೆದು, ಡಿಸ್ಕು ಬಿಚ್ಚಿ, ಎರಡು ನಕಲು ಮಾಡಿಕೊಟ್ಟ. ಲ್ಯಾಪ್‌ಟಾಪು ಮಾತ್ರ ಮತ್ತೆ ಏಳಲಿಲ್ಲ.

"ಹೊಳೆಯೋ ಹೊಸದನ್ನೇ ತಗೋಳೋಣ," ಎಂದ ಮೈದುನ.

"ಹೊಳಪು ನೋಡಿ ಬೂಟು ತಗೊಂಡವರ ಕಾಲು ಏನಾಗುತ್ತೆ, ಈ ಮನೆಯವರಿಗೆ ನಾನು ಹೇಳಬೇಕಾ?" ಎಂದರು ಮೇಡಂ. "ಕಚೇರಿಗಳು ಕೆಲವು ವರ್ಷ ಬಳಸಿ ಬಿಟ್ಟ ಗಟ್ಟಿ ಲ್ಯಾಪ್‌ಟಾಪುಗಳು ಸಿಗ್ತವೆ. ಮೆಮೊರಿ ಎಂಟು ಜಿಬಿ ಇರಲಿ, ಡಿಸ್ಕು ವೇಗದ ಎಸ್‌ಎಸ್‌ಡಿ ಇರಲಿ. ಅದನ್ನ ನಡೆಸೋಕೆ ಲಿನಕ್ಸ್ ಅನ್ನೋ ತಂತ್ರಾಂಶ ಹಾಕೋಣ. ಅದು ಉಚಿತ."

"ಪುಕ್ಕಟೆ ಕೊಡೋರಿಗೆ ತಲೆ ಕೆಟ್ಟಿದೆಯಾ? ಒಳಗೇನೋ ಮೋಸ ಇರುತ್ತೆ," ಎಂದ ಮೈದುನ.

"ಅದರ ಒಳಗನ್ನ ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು, ಹಂಚಬಹುದು. ನಿಮ್ಮಣ್ಣ ಕೇಳಿದವರಿಗೆಲ್ಲ ಕತ್ತರಿ ಹಿಡಿಯೋದು ಹೇಳಿಕೊಡ್ತಿದ್ರು. ಅವರಿಗೆ ತಲೆ ಕೆಟ್ಟಿತ್ತಾ?"

ಮೈದುನ ಎದ್ದು ಚಪ್ಪಲಿ ಮೆಟ್ಟಿ ಅವರ ಜೊತೆ ಹೊರಟ.

ಬಳಸಿದ ಲ್ಯಾಪ್‌ಟಾಪುಗಳ ಅಂಗಡಿಯಲ್ಲಿ ಮೇಡಂ ತಮ್ಮ ಪೆನ್‌ಡ್ರೈವ್ ಸಿಕ್ಕಿಸಿ, ಕೊಳ್ಳುವ ಮೊದಲೇ ಅದರಿಂದ ಲಿನಕ್ಸ್ ಓಡಿಸಿ ನೋಡಿದರು. ಮೊದಲನೆಯದರಲ್ಲಿ ವೈಫೈ ಸಿಗಲಿಲ್ಲ.

"ಮನೆಗೆ ಹೋದ್ಮೇಲೆ ಸರಿಹೋಗುತ್ತೆ," ಎಂದ ಅಂಗಡಿಯವನು.

"ಮನೆಗೆ ಹೋದ್ಮೇಲೆ ಸರಿಹೋಗೋದು ಮಕ್ಕಳ ಹಟ ಕಣಯ್ಯಾ. ಇನ್ನೊಂದು ತೋರಿಸು."

ಎರಡನೆಯದರಲ್ಲಿ ವೈಫೈ ಸಿಕ್ಕಿತು, ದನಿ ಬಂತು, ಬ್ಯಾಟರಿ ಚಾರ್ಜು ಉಳಿಸಿಕೊಂಡಿತು. ಮೈದುನ ತಾನೇ ಒಂದೊಂದು ಕೀಲಿಯನ್ನೂ ಒತ್ತಿ ನೋಡಿ, "ಇದೇ ಇರಲಿ ಅತ್ತಿಗೆ," ಎಂದ.

ಗ್ರಂಥಾಲಯದ ಮೇಜಿನ ಮೇಲೆ ಆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ್ದಾಯಿತು. ನಕ್ಷೆ ಬರೆಯುವ ಉಚಿತ ಸಾಫ್ಟ್‌ವೇರೂ ಬಂತು. ಅವಳು ನಕಲಿನ ಡಿಸ್ಕು ಸಿಕ್ಕಿಸಿದಳು. ಅಂಚೆಯವನ ಹೆಸರಿನಲ್ಲಿ ತಿದ್ದಿದ ನಕ್ಷೆಗಳು ಹನ್ನೊಂದಲ್ಲ, ಹನ್ನೆರಡಿದ್ದವು. ಕೊನೆಯದು ಗಂಡ ಆಸ್ಪತ್ರೆಗೆ ಸೇರುವ ಹಿಂದಿನ ದಿನದ್ದು. ಅದರ ಮೂಲೆಯಲ್ಲಿ ಬರೆದಿತ್ತು: "ಅವನು ಹೇಳಿಕೊಳ್ಳುವುದಿಲ್ಲ, ಆದರೆ ಹಿಮ್ಮಡಿ ನೋಯುತ್ತಿದೆ. ಹೊರ ಅಂಚನ್ನು ಒಂದು ನೂಲಿನಷ್ಟು ಇಳಿಸಬೇಕು."

ಅವಳು ಆ ಸಾಲನ್ನು ಮೂರು ಸಲ ಓದಿದಳು. ಅಂದೇ ನಕ್ಷೆ ಅಚ್ಚು ಹಾಕಿಸಿ, ತೊಗಲಿನ ಮೇಲೆ ಹರಡಿ, ದೇವರನ್ನು ನೆನೆದು ಕತ್ತರಿ ಹಿಡಿದಳು.

ನಾಲ್ಕನೆಯ ದಿನ ಅಂಚೆಯವನು ಹೊಸ ಬೂಟು ತೊಟ್ಟು ಎದ್ದು ನಿಂತ. ಅವನ ಮುಖ ಬದಲಾಯಿತು.

"ಹಿಮ್ಮಡಿ ನೋವು ಇಲ್ಲ ಅಕ್ಕಾ! ನಾನು ಯಾವತ್ತೂ ಹೇಳಿರಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ನನಗಲ್ಲಪ್ಪ. ಅವರಿಗೆ ಗೊತ್ತಾಗಿತ್ತು," ಎಂದಳು ಅವಳು.

ಅವನು ಚೀಲ ಹೆಗಲಿಗೇರಿಸಿ ಬೀದಿಗಿಳಿದ. ಅವಳು ಮುಂದಿನ ನಕ್ಷೆ ತೆರೆದಳು.

ಓದುವ ತಾಯಂದಿರೇ, ಅಣ್ಣತಮ್ಮಂದಿರೇ, ದೇವರು ಮನುಷ್ಯರನ್ನು ಕರೆಸಿಕೊಳ್ಳುತ್ತಾನೆ. ಅವರು ಮಾಡಿಟ್ಟ ಕೆಲಸವನ್ನು ನಮ್ಮ ಬಳಿಯೇ ಬಿಟ್ಟಿರುತ್ತಾನೆ. ಹೋದವರ ಕಂಪ್ಯೂಟರು ನಿಮ್ಮ ಮನೆಯಲ್ಲಿದ್ದರೆ ಮುಚ್ಚಿಟ್ಟು ಕಾಯಬೇಡಿ. ಉಬ್ಬಿದ್ದರೆ ಚಾರ್ಜಿಗೆ ಹಾಕದೆ ತಿಳಿದವರಿಗೆ ತೋರಿಸಿ. ಅಳಿಸುವ, ಮಾರುವ ಮೊದಲು ಎರಡು ನಕಲು ಮಾಡಿ, ಎರಡೂ ತೆರೆಯುತ್ತವೆಯೇ ನೋಡಿ. ಬೇರೆ ಲ್ಯಾಪ್‌ಟಾಪ್ ಬೇಕಾದರೆ ಬಳಸಿದ್ದನ್ನು ಕೊಳ್ಳಲು ನಾಚಬೇಡಿ. ಪೆನ್‌ಡ್ರೈವಿನಿಂದ ಓಡಿಸಿ ನೋಡಿಯೇ ಕೊಳ್ಳಿ. ಉಚಿತ ತಂತ್ರಾಂಶವನ್ನು ಕಲಿಯಿರಿ, ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸಿ. ನೀವು ಮುಚ್ಚಿಟ್ಟದ್ದಕ್ಕಾಗಿ ಯಾರೋ ಒಬ್ಬರು ಇಂದು ನೋವಿನಲ್ಲಿ ನಡೆಯುತ್ತಿರಬಹುದು.