ಕಲ್ಲಿನ ಮೇಲಿನ ಕಾಗದ

ಇನ್ನೂ ಒಂದು ಪದರ ಇತ್ತು. ಯಜ್ಞನಾರಾಯಣ ತಂತಿ ಬ್ರಷ್ಷನ್ನು ಒತ್ತಿ ಉಜ್ಜಿದ. ವರ್ಷವರ್ಷವೂ ಬಳಿದ ಸುಣ್ಣ ಹಕ್ಕಳೆಯಾಗಿ ಉದುರಿತು. ಅದರಡಿ ಎಣ್ಣೆಯ ಜಿಡ್ಡು. ಜಿಡ್ಡಿನಡಿ ಕಲ್ಲು.

ಫ್ಯಾಕ್ಟರಿಯಲ್ಲಿ ಎರಕದ ಬಿಡಿಭಾಗಗಳನ್ನು ಹೀಗೇ ತಿಕ್ಕಿ, ಹೊಳಪು ಬಂದ ಮೇಲೆ ಪಾಸು ಮಾಡುವುದು ಅವನ ಕೆಲಸ. ಇಷ್ಟು ವರ್ಷದಲ್ಲಿ ಅಲ್ಲಿ ಯಾರಿಗೂ ಅವನ ಮೇಲೆ ದೂರಿರಲಿಲ್ಲ. ಆ ಕೆಲಸದ ಮೇಲೆ ದೂರು ಇದ್ದದ್ದು ಅವನಿಗೇ. ನಾಳೆ ರಾಜೀನಾಮೆ ಕೊಟ್ಟು, ಹಳೆಯ ಶಾಸನಗಳನ್ನು ಹುಡುಕಿ ಉಳಿಸುವವರ ಗುಂಪು ಸೇರಬೇಕು. ಆ ಗುಂಪಿನ ಶಾಂತಕುಮಾರಿ ಒಂದೇ ಷರತ್ತು ಹಾಕಿದ್ದರು. "ಮೊದ್ಲು ದೊಡ್ಡನೆಕ್ಕುಂದಿ ವೀರಗಲ್ಲಿನ ಅಕ್ಷರಗಳ ಅಚ್ಚನ್ನು ಕಾಗದದ ಮೇಲೆ ತೆಗೆದು ತೋರಿಸಿ. ಅಲ್ಲೀವರ್ಗೂ ಕೆಲಸ ಬಿಡ್ಬೇಡಿ."

ಬೀದಿಯವರಿಗೆ ಅದು ವೀರಗಲ್ಲಲ್ಲ, ವೀರಣ್ಣ. ಅಂದು ಅದಕ್ಕೆ ಪೂಜೆ. ಎದುರು ಮನೆಯ ಗಂಗಲಕ್ಷ್ಮಮ್ಮ ಹೊಸಿಲ ಮೇಲೆ ಕೂತು ನೋಡುತ್ತಿದ್ದಳು.

"ಏನಪ್ಪಾ, ವೀರಣ್ಣಂಗೆ ಸ್ನಾನ ಮಾಡಿಸ್ತಿದ್ಯೋ, ಚರ್ಮ ಸುಲೀತಿದ್ಯೋ?"

"ಕ್ಲೀನ್ ಮಾಡ್ತಿದೀನಮ್ಮ. ಅಕ್ಷರ ಕಾಣ್ಬೇಕು."

"ಭಾನುವಾರ ಕಲ್ಲುಜ್ಜಕ್ಕೆ ಮನೇಲಿ ಬಿಟ್ಟವ್ರಾ?"

"ಹ್ಞೂಂ," ಅಂದ. ಮನೆಯಲ್ಲಿ ಹೇಳಿರಲಿಲ್ಲ.

ಕಲ್ಲು ಹೊಳೆಯಿತು. ಒದ್ದೆ ಕಾಗದ ಹರಡಿ, ಮೆದು ಬ್ರಷ್ಷಿನಿಂದ ಬಡಿದು ಕೂರಿಸಿ, ಕೊಂಚ ಆರಿದ ಮೇಲೆ ಮಸಿ ಅದ್ದಿದ ಬಟ್ಟೆಯುಂಡೆಯಿಂದ ಒತ್ತಿದ. ಕಲ್ಲು ತಗ್ಗಿರುವ ಕಡೆ ಕಾಗದ ಬೆಳ್ಳಗೆ ಉಳಿಯುತ್ತದೆ, ಅದೇ ಅಕ್ಷರ. ಕಪ್ಪಿನ ನಡುವೆ ಬಿಳಿ ಗೆರೆಗಳು ಎದ್ದವು. ಎದೆ ಹಗುರಾಯಿತು. ರಾಜೀನಾಮೆಯ ಮೊದಲ ವಾಕ್ಯ ತಲೆಯಲ್ಲಿ ತಾನಾಗಿ ಮೂಡಿತು.

ಎಸ್‌ಟಿಡಿ ಬೂತಿನ ಮುಂದೆ ಆಟೋ ನಿಂತಿತು. ಶಾಂತಕುಮಾರಿ ಇಳಿದು ಬಂದು, ಬಾಗಿ, ಕಾಗದದ ತೀರ ಹತ್ತಿರ ಮುಖವಿಟ್ಟು ನೋಡಿದರು.

"ಯಾತರಲ್ಲಿ ಉಜ್ಜಿದ್ರಿ?"

"ವೈರ್ ಬ್ರಷ್, ಮೇಡಂ."

ಅವರು ಕಾಗದದ ಅಂಚೆತ್ತಿ ಕಲ್ಲನ್ನು ಬೆರಳಿನಿಂದ ಸವರಿದರು.

"ಅಕ್ಷರ ಬಂದಿದೆಯಲ್ಲಾ?" ಎಂದು ಅವನೇ ಕೇಳಿದ.

"ಸವೆದಿದ್ದ ಅಕ್ಷರ, ರೀ. ಬೆರಳಿಗೂ ಸಿಕ್ತಿರ್ಲಿಲ್ಲ, ಕಾಗದಕ್ಕೆ ಮಾತ್ರ ಸಿಗ್ತಿತ್ತು. ಅದು ಹೋಯ್ತು. ಇದೆಲ್ಲ ನಿಮ್ಮ ಬ್ರಷ್ಷಿನ ಗೀರು."

"ಹಾಗಾದ್ರೆ ನಾಳೆ..."

"ನಾಳೆ ಸೋಮವಾರ ಅಲ್ವಾ, ಫ್ಯಾಕ್ಟರಿ ಇರುತ್ತೆ," ಅಂದರು ಶಾಂತಕುಮಾರಿ. ಆಟೋ ಇನ್ನೂ ಕಾಯುತ್ತಿತ್ತು. ಹತ್ತಿ ಹೋದರು.

ಅಷ್ಟರಲ್ಲಿ ಹೆಂಗಸರು ತಟ್ಟೆ ಹಿಡಿದು ಬಂದರು. ಗಂಗಲಕ್ಷ್ಮಮ್ಮ ಎಲ್ಲರಿಗಿಂತ ಮುಂದಿದ್ದಳು.

"ಅಯ್ಯೋ, ವೀರಣ್ಣ ಹೊಸ ಬಟ್ಟೆ ಹಾಕ್ಕಂಡವ್ನೆ!"

"ಅದು ಕಾಗದ ಅಮ್ಮ. ತೆಗೀಬೇಕು."

"ಸುಮ್ಕಿರಪ್ಪಾ. ಸುಣ್ಣನೂ ಕಿತ್ತಾಕಿದ್ದೀಯ. ಬರೀ ಮೈಲಿ ನಿಲ್ಸಿ ಪೂಜೆ ಮಾಡಾದಾ? ಕಣ್ಣೊಂದಿಲ್ಲ, ಅಷ್ಟೆ."

ಅವಳು ಕುಂಕುಮ ಕಲಸಿ, ಗೀರುಗಳ ಮೇಲೆ ಹೆಬ್ಬೆಟ್ಟಿನಲ್ಲಿ ಎರಡು ಕಣ್ಣು ಒತ್ತಿದಳು. ತಡೆಯಲು ಎತ್ತಿದ ಅವನ ಕೈ ಅರ್ಧದಲ್ಲೇ ನಿಂತಿತು. ಕರ್ಪೂರ ಹೊತ್ತಿತು. ಕಪ್ಪು ಹಾಳೆಯಲ್ಲಿ ಒದ್ದೆ ಕಣ್ಣುಗಳು ಕೆಂಪಗೆ ತೆರೆದುಕೊಂಡವು. ಹೆಂಗಸರು ಬಾಗಿದರು.

"ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್," ಅಂದರು ಹಿಂದಿನಿಂದ ಯಾರೋ.

ಸರಿಯಲು ಜಾಗವಿರಲಿಲ್ಲ. ಮಸಿ ಹತ್ತಿದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ, ಅವನೂ ಮುಗಿದ.